ಅನಾರ್ಕಲಿ ಆಮೇಲೆ ಎಲ್ಲಿಗೆ ಹೋದಳು?

ಯುಗಾದಿ ಮಧ್ಯಾಹ್ನ. ಹೋಳಿಗೆ ಊಟ ಮುಗಿದಿತ್ತು. ಸೇಡಂ ಬಿಸಿಲು ನಿಮಗೆ ಗೊತ್ತಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಮನೆಮಂದಿಯೆಲ್ಲ ಕೂಲರ್ ಮುಂದೆ ಸಾಲಾಗಿ ಬಿದ್ದುಕೊಂಡಿದ್ದೆವು. ಶಹಾಬಾದಿನಿಂದ ಬಂದಿದ್ದ ಅತ್ತಿ, ಅಂದರೆ ಅಪ್ಪನ ಅಕ್ಕ, ನನ್ನ ಕೈಯಲ್ಲಿದ್ದ ಫೋನ್ ಕಡೆ ನೋಡಿ ಕೇಳಿದಳು:

“ಅವ್ವಾ, ಅದ್ರಾಗ ಮೊಘಲ್-ಎ-ಆಜಮ್ ಬರ್ತದೇನು?”

ಬರದೇ ಏನು! ಟಿವಿಗೆ ಜೋಡಿಸಿ ಹಚ್ಚಿಬಿಟ್ಟೆ. ಒಟ್ಟು 3 ಗಂಟೆ 17 ನಿಮಿಷ ಅಂತ ತೋರಿಸಿದಾಗ ಎದೆ ಧಸಕ್ಕೆಂದಿತು. ಅರ್ಧ ನಿಮಿಷದ ರೀಲ್ಸನ್ನೇ ಪೂರ್ತಿ ನೋಡದವರು ನಾವು. ಆದರೆ ಆವತ್ತು ನಾನು ಎದ್ದು ಹೋಗಲಿಲ್ಲ. ಅದಕ್ಕೊಂದು ಕಾರಣವಿತ್ತು. ಬೆಂಗಳೂರಿನಿಂದ ಹಬ್ಬಕ್ಕೆ ಬರುವಾಗ ಅಪ್ಪನಿಗೆ ಹೇಳಬೇಕಾದ ಒಂದು ಮಾತನ್ನು ಕಟ್ಟಿಕೊಂಡು ಬಂದಿದ್ದೆ. ಎರಡು ದಿನವಾದರೂ ಬಾಯಿ ತೆರೆದಿರಲಿಲ್ಲ. ಮೂರು ಗಂಟೆ ಹೇಗಾದರೂ ಕಳೆದರೆ ಸಾಕಾಗಿತ್ತು.

ಮುತ್ಯಾನ ಸಿನಿಮಾ

ನಮ್ಮ ಮನೆಯಲ್ಲಿ ಈ ಸಿನಿಮಾ ಮುತ್ಯಾನ ಆಸ್ತಿ. ಮುತ್ಯಾ ವಾಡಿಯಲ್ಲಿ ರೈಲ್ವೆ ನೌಕರ. ವಾಡಿ ಅಂದರೆ ಜಂಕ್ಷನ್. ಮುಂಬೈ ಗಾಡಿ, ಮದ್ರಾಸ್ ಗಾಡಿ, ಹೈದರಾಬಾದ್ ಗಾಡಿ ಎಲ್ಲವೂ ಅಲ್ಲಿ ಕೂಡುತ್ತವೆ. ಪ್ಲಾಟ್‌ಫಾರ್ಮ್ ಮೇಲೆ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಒಂದೇ ಕಪ್ಪಿನ ಚಹಾದಂತೆ ಕಲೆತುಹೋಗಿರುತ್ತವೆ. ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೂ ನಿಜಾಮರ ಕೈಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಸಿನಿಮಾ ಬಂದದ್ದು 1960ರ ಆಗಸ್ಟ್ 5ಕ್ಕೆ. ಅಂದರೆ ಉರ್ದುವಿನಲ್ಲೇ ಶಾಲೆ ಕಲಿತ ಒಂದು ತಲೆಮಾರು ಇಲ್ಲಿ ಆಗಿನ್ನೂ ನಡುವಯಸ್ಸಿನಲ್ಲಿತ್ತು. ಬೇರೆ ಕಡೆಯವರಿಗೆ ಕಠಿಣ ಅನಿಸಿದ ಆ ಮಾತುಗಳು ನಮ್ಮ ಹಿರಿಯರಿಗೆ ಕಚೇರಿಯ, ಸಂತೆಯ ಮಾತಿಗೆ ಹತ್ತಿರದವು.

ರೈಲ್ವೆ ಪಾಸಿನಲ್ಲಿ ಹೈದರಾಬಾದಿಗೆ ಹೋಗಿ ಮುತ್ಯಾ ಅದನ್ನು ಮೂರು ಸಲ ನೋಡಿ ಬಂದಿದ್ದನಂತೆ. ಆಮೇಲೆ ಅಕ್ಬರನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಕ್ವಾರ್ಟರ್ಸ್ ಮುಂದೆ ಕುರ್ಚಿ ಹಾಕಿಕೊಂಡು ಹೇಳುತ್ತಿದ್ದನಂತೆ. ಊರ ಜಾತ್ರೆ ನಾಟಕದಲ್ಲೂ ಅವನಿಗೆ ರಾಜನ ಪಾರ್ಟೇ ಆಗಬೇಕು.

ಮೊದಲ ದೃಶ್ಯದಲ್ಲೇ ಅವನು ಸೋತಿದ್ದ ಅಂತ ಅಪ್ಪ ಹೇಳುತ್ತಾನೆ. ಮಗ ಬೇಕು ಅಂತ ಹಿಂದೂಸ್ತಾನದ ಬಾದಶಹ ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಉರಿಬಿಸಿಲಿನಲ್ಲಿ ಸಲೀಂ ಚಿಸ್ತಿಯ ಸನ್ನಿಧಿಗೆ ನಡೆದುಹೋಗುತ್ತಾನೆ. ಕಲಬುರಗಿಯ ಖಾಜಾ ಬಂದೇನವಾಜರೂ ಅದೇ ಚಿಸ್ತಿ ಪರಂಪರೆಯವರು. ಅಲ್ಲಿಗೆ ಹರಕೆ ಹೊತ್ತು ಮಕ್ಕಳನ್ನು ಕಂಡ ಮನೆಗಳು ನಮ್ಮ ಭಾಗದಲ್ಲಿ ಜಾತಿ-ಮತ ಕೇಳದೆ ನೂರಾರಿವೆ. ಮುತ್ಯಾ ಹುಟ್ಟಿದ್ದೂ ಅಂಥದೇ ಹರಕೆಯಿಂದ. ಆ ಬಾದಶಹ ಅವನಿಗೆ ಬೇರೆಯವನು ಅನಿಸಲೇ ಇಲ್ಲ.

ಲಾಹೋರಿನ ಹುಡುಗ ಬರೆದ ನಾಟಕ

ಈ ಕಥೆ ಸಿನಿಮಾಕ್ಕಾಗಿ ಹುಟ್ಟಿದ್ದಲ್ಲ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. 1922ರಲ್ಲಿ ಲಾಹೋರಿನ ಇಮ್ತಿಯಾಜ್ ಅಲಿ ತಾಜ್ ‘ಅನಾರ್ಕಲಿ’ ಎಂಬ ಉರ್ದು ನಾಟಕ ಬರೆದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು ವಯಸ್ಸು. ನಾಟಕ ಕಂಪನಿಗಳು ಅದನ್ನು ಇದ್ದ ಹಾಗೆ ಒಪ್ಪಲಿಲ್ಲ, ಅಲ್ಲಿ ತಿದ್ದು ಇಲ್ಲಿ ತಿದ್ದು ಅಂದವು. ತಿದ್ದಲು ತಾಜ್ ಒಪ್ಪಲಿಲ್ಲ. ರಂಗಕ್ಕಿಂತ ಪುಸ್ತಕದಲ್ಲೇ ಹೆಚ್ಚು ಬದುಕಿದ ನಾಟಕವದು.

ಕಥೆ ನಿಮಗೆ ಗೊತ್ತು. ನಾದಿರಾ ಎಂಬ ದಾಸಿ. ದಾಳಿಂಬೆಯ ಮೊಗ್ಗು ಎಂಬರ್ಥದ ‘ಅನಾರ್ಕಲಿ’ ಅವಳಿಗೆ ಅರಮನೆಯಲ್ಲಿ ಸಿಕ್ಕ ಹೆಸರು. ಶಹಜಾದಾ ಸಲೀಂ ಅವಳನ್ನು ಮೆಚ್ಚುತ್ತಾನೆ. ಹೊಟ್ಟೆಕಿಚ್ಚಿನ ಇನ್ನೊಬ್ಬ ದಾಸಿ ದಿಲಾರಾಮ್, ಇವರಿಬ್ಬರ ಕಣ್ಸನ್ನೆ ಕನ್ನಡಿಯಲ್ಲಿ ಅಕ್ಬರನಿಗೆ ಕಾಣುವಂತೆ ಮಾಡುತ್ತಾಳೆ. ಕೊನೆಗೆ ಅನಾರ್ಕಲಿಯನ್ನು ಜೀವಸಹಿತ ಗೋಡೆಯಲ್ಲಿ ಮುಚ್ಚುತ್ತಾರೆ. ಅವಳನ್ನು ಬಿಡಿಸುವವರು ಯಾರೂ ಇಲ್ಲ. ಅದು ಅಪ್ಪಟ ದುರಂತ.

ಇದು ಇತಿಹಾಸವಾ? ಅಲ್ಲ. ಅಕ್ಬರನ ಕಾಲದ ಗ್ರಂಥಗಳಲ್ಲಾಗಲಿ, ಜಹಾಂಗೀರ್ ತಾನೇ ಬರೆದ ಆತ್ಮಕಥೆಯಲ್ಲಾಗಲಿ ಅನಾರ್ಕಲಿಯ ಸುದ್ದಿ ಇಲ್ಲ. ಲಾಹೋರಿನಲ್ಲಿ ಅವಳ ಹೆಸರಿನ ಗೋರಿಯಿದೆ, ಬಜಾರಿದೆ. ಜನರ ಬಾಯಲ್ಲಿ ಕಥೆಯಿತ್ತು. ತಾಜ್ ಕೂಡ ತನ್ನ ನಾಟಕ ನಿಂತಿರುವುದು ಆ ದಂತಕಥೆಯ ಮೇಲೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ರಂಗದವರು ಹಿಂದೇಟು ಹಾಕಿದ ಕಥೆಯನ್ನು ಸಿನಿಮಾದವರು ಬಿಡಲಿಲ್ಲ. 1928ರಲ್ಲೇ ಎರಡು ಮೂಕಿ ಚಿತ್ರ ಬಂದವು. ಒಂದರಲ್ಲಿ ಸ್ವತಃ ತಾಜ್ ಅಕ್ಬರನಾಗಿದ್ದರು. ಇನ್ನೊಂದರಲ್ಲಿ ಅನಾರ್ಕಲಿಯಾಗಿದ್ದ ಸುಲೋಚನಾ 1935ರ ಟಾಕಿಯಲ್ಲೂ ಅನಾರ್ಕಲಿಯಾದರು. 1953ರಲ್ಲಿ ಬೀನಾ ರಾಯ್ ಆ ಪಾತ್ರ ಮಾಡಿದಾಗ ಅದೇ ಸುಲೋಚನಾ ರಾಣಿಯ ಪಾತ್ರದಲ್ಲಿ ಕಾಣಿಸಿಕೊಂಡರು. 1955ರಲ್ಲಿ ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್, ಅಂಜಲಿದೇವಿ ಜೋಡಿಯ ‘ಅನಾರ್ಕಲಿ’ ಬಂತು. ಗಡಿಗಂಟಿದ ಸೇಡಂ ಸೀಮೆಯ ಹಳಬರು ಇವತ್ತಿಗೂ ನೆನಪಿಸಿಕೊಳ್ಳೋದು ಅದನ್ನೇ.

ಹೆಸರು ಬದಲಾಯಿತು, ಕಥೆಯೂ ಬದಲಾಯಿತು

ಕೆ. ಆಸಿಫ್ ಎಂಬ ಹಟಮಾರಿ 1940ರ ದಶಕದಲ್ಲೇ ಇದನ್ನು ಕೈಗೆತ್ತಿಕೊಂಡ. ಆಗ ಅಕ್ಬರ್ ಚಂದ್ರಮೋಹನ್, ಅನಾರ್ಕಲಿ ನರ್ಗಿಸ್. ದೇಶ ಒಡೆಯಿತು, ದುಡ್ಡು ಹಾಕಿದ್ದ ಶಿರಾಜ್ ಅಲಿ ಹಕೀಂ ಪಾಕಿಸ್ತಾನಕ್ಕೆ ಹೋದರು. 1949ರಲ್ಲಿ ಚಂದ್ರಮೋಹನ್ ತೀರಿಕೊಂಡರು. ಇನ್ನು ಮುಗೀತು ಅನ್ನುವಾಗ ಕಟ್ಟಡ ಕಟ್ಟುವ ಉದ್ಯಮಿ ಶಾಪೂರ್ಜಿ ಪಲ್ಲೋನ್‌ಜಿ ಮಿಸ್ತ್ರಿ ಹಣ ಹಾಕಲು ಮುಂದೆ ಬಂದರು. ದಿಲೀಪ್ ಕುಮಾರ್, ಮಧುಬಾಲಾ, ಪೃಥ್ವಿರಾಜ್ ಕಪೂರ್, ದುರ್ಗಾ ಖೋಟೆ ಅವರೊಂದಿಗೆ ಎಲ್ಲ ಮೊದಲಿಂದ ಶುರುವಾಯಿತು.

ಆಸಿಫ್ ಮಾಡಿದ ಮೊದಲ ದೊಡ್ಡ ಬದಲಾವಣೆ ಹೆಸರಿನಲ್ಲೇ ಇದೆ. ತಾಜ್ ನಾಟಕದ ಹೆಸರು ‘ಅನಾರ್ಕಲಿ’. ಸಿನಿಮಾದ ಹೆಸರು ‘ಮೊಘಲ್-ಎ-ಆಜಮ್’, ಮಹಾನ್ ಮೊಗಲ. ಕಥೆ ಹುಡುಗಿಯ ಕೈಯಿಂದ ಹುಡುಗನ ಅಪ್ಪನ ಕೈಗೆ ಬಂತು.

ಆ ಅಪ್ಪನನ್ನು ಹೊರಲು ಪೃಥ್ವಿರಾಜ್ ಕಪೂರರಂಥ ಆಳೇ ಬೇಕಿತ್ತು. 1944ರಲ್ಲಿ ಪೃಥ್ವಿ ಥಿಯೇಟರ್ಸ್ ಕಟ್ಟಿ ಊರೂರು ತಿರುಗಿದ ರಂಗದ ಮನುಷ್ಯ. ಅವರ ಮಾತು ಇವತ್ತಿನ ಕಿವಿಗೆ ಸ್ವಲ್ಪ ಜೋರು ಅನಿಸಬಹುದು. ಆದರೆ ಕಂಪನಿ ನಾಟಕ ನೋಡಿ ಬೆಳೆದ ನಮ್ಮೂರ ಕಡೆಯವರಿಗೆ ಹಾಗನಿಸೋದಿಲ್ಲ. ಪಾರ್ಸಿ ಕಂಪನಿಗಳ ಪರದೆ, ಭರ್ಜರಿ ಮಾತು, ಹಾಡಿನ ಮೇಲೆ ಹಾಡು ನಮ್ಮ ಕಂಪನಿಗಳಿಗೂ ಬಂದಿತ್ತಲ್ಲ! ಇದೇ ಪೃಥ್ವಿರಾಜ್ 1971ರಲ್ಲಿ ಪುಟ್ಟಣ್ಣ ಕಣಗಾಲರ ‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರರ ತಂದೆಯಾಗಿ ಕನ್ನಡಕ್ಕೂ ಬಂದರು. “ನಮ್ಮ ಬಾದಶಹ ಕನ್ನಡ ಕಲ್ತಾನ” ಅಂತ ಮುತ್ಯಾ ಊರೆಲ್ಲ ಹೇಳಿಕೊಂಡು ತಿರುಗಿದ್ದನಂತೆ.

ನಾಟಕದ ಕನ್ನಡಿಯನ್ನೂ ಆಸಿಫ್ ಬಿಡಲಿಲ್ಲ, ಒಂದನ್ನು ಸಾವಿರ ಮಾಡಿದ. ಬೆಲ್ಜಿಯಂ ಗಾಜು ತರಿಸಿ ಶೀಶ್ ಮಹಲ್ ಕಟ್ಟಿಸಿದ. ಕಪ್ಪು-ಬಿಳುಪಿನ ಸಿನಿಮಾಕ್ಕೆ ಆ ಹಾಡಿನಲ್ಲಿ ಬಣ್ಣ ಬರುತ್ತದೆ. ಪ್ರೀತಿಸಿದ ಮೇಲೆ ಹೆದರೋದೇನು ಅಂತ ಅನಾರ್ಕಲಿ ತುಂಬಿದ ದರ್ಬಾರಿನಲ್ಲಿ ಹಾಡುತ್ತಾಳೆ. ಅಕ್ಬರ್ ಕಣ್ಣೆತ್ತಿದರೆ ಚಾವಣಿಯ ಪ್ರತಿ ಕನ್ನಡಿಯಲ್ಲೂ ಅವಳೇ. ನಾಟಕದಲ್ಲಿ ಕನ್ನಡಿ ಅವಳ ಗುಟ್ಟು ಬಯಲು ಮಾಡಿತು. ಸಿನಿಮಾದಲ್ಲಿ ಅವಳೇ ತನ್ನ ಗುಟ್ಟನ್ನು ಬಾದಶಹನ ಮುಖಕ್ಕೆ ಹೇಳಿದಳು, ಕನ್ನಡಿಗಳು ಸಾಕ್ಷಿ ನಿಂತವು. ಈ ಒಂದು ಬದಲಾವಣೆಗೇ ಆಸಿಫ್‌ಗೆ ಕೈಮುಗಿಯಬೇಕು.

ತಾನ್‌ಸೇನ್ ಹಾಡುತ್ತಿರುವಾಗ ಸಲೀಂ ಅವಳ ಮುಖಕ್ಕೆ ಗರಿ ಸೋಕಿಸುವ ದೃಶ್ಯ ಇನ್ನೊಂದು. ಆ ದನಿ ಬಡೇ ಗುಲಾಂ ಅಲಿ ಖಾನರದು. ಸಿನಿಮಾಕ್ಕೆ ಹಾಡಲು ಇಷ್ಟವಿಲ್ಲದೆ, ಕೇಳಿದವರು ಓಡಿಹೋಗಲಿ ಅಂತ ಒಂದು ಹಾಡಿಗೆ 25,000 ರೂಪಾಯಿ ಕೇಳಿದರಂತೆ. ಆಸಿಫ್ ಹೂಂ ಅಂದುಬಿಟ್ಟ. ಖಾನ್ ಸಾಹೇಬರು 1968ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. ಆ ದೃಶ್ಯ ತೆಗೆಯುವ ಹೊತ್ತಿಗೆ ದಿಲೀಪ್ ಕುಮಾರ್, ಮಧುಬಾಲಾ ನಡುವೆ ಮಾತು ನಿಂತುಹೋಗಿತ್ತು. ನಿಜ ಜೀವನದ ಅವರ ಪ್ರೀತಿಯೂ ಅವಳ ತಂದೆ ಅಡ್ಡ ಬಂದು, ಇನ್ನೊಂದು ಸಿನಿಮಾದ ಜಗಳ ಕೋರ್ಟ್ ಮೆಟ್ಟಿಲೇರಿ, ಮುರಿದಿತ್ತು. ಮಧುಬಾಲಾ ಹೃದಯದಲ್ಲಿ ರಂಧ್ರವಿತ್ತು. ಆ ಜೀವದ ಮೇಲೆ ನಿಜವಾದ ಕಬ್ಬಿಣದ ಸರಪಳಿ ಹೊತ್ತು ನಟಿಸಿದಳು. 1969ರಲ್ಲಿ, 36ನೇ ವಯಸ್ಸಿಗೆ ಹೋಗಿಬಿಟ್ಟಳು.

ಗೋಡೆ ಮತ್ತು ಸುರಂಗ

ಇನ್ನು ಎರಡನೇ ದೊಡ್ಡ ಬದಲಾವಣೆ. ಅದು ಕೊನೆಯಲ್ಲಿದೆ.

ಸಲೀಂ ಅಪ್ಪನ ಮೇಲೆ ಯುದ್ಧ ಹೂಡಿ ಸೋಲುತ್ತಾನೆ. ಅವನ ಜೀವ ಉಳಿಸಲು ಅನಾರ್ಕಲಿ ತಾನೇ ಬಂದು ಒಪ್ಪಿಸಿಕೊಳ್ಳುತ್ತಾಳೆ. ಕೊನೆಯ ಆಸೆಯಾಗಿ ಒಂದೇ ರಾತ್ರಿಗೆ ಸಲೀಮನ ರಾಣಿಯಾಗುತ್ತಾಳೆ. ಬೆಳಗಾಗುವಾಗ ಹೂವಿನ ಘಮದಿಂದ ಅವನಿಗೆ ಮಂಪರು ಹಿಡಿಸಿ ಗೋಡೆಯ ಕಡೆ ನಡೆಯುತ್ತಾಳೆ. ಇಟ್ಟಿಗೆ ಏಳುತ್ತವೆ.

ಗೋಡೆಯ ಮಟ್ಟಿಗೆ ನಾಟಕದ ದಾರಿಯೇ. ಇಲ್ಲಿಂದ ಆಸಿಫ್ ಬೇರೆ ದಾರಿ ಹಿಡಿಯುತ್ತಾನೆ. ಸಲೀಂ ಹುಟ್ಟಿದ ಸುದ್ದಿಯನ್ನು ಅಕ್ಬರನಿಗೆ ಮೊದಲು ತಂದ ದಾಸಿಯೇ ಅನಾರ್ಕಲಿಯ ತಾಯಿ. ಅವತ್ತು ಅವನು ಉಂಗುರ ಕೊಟ್ಟು, ಏನು ಬೇಕಾದರೂ ಕೇಳು ಅಂತ ಮಾತು ಕೊಟ್ಟಿದ್ದ. ಅವಳು ಆ ಉಂಗುರ ಮುಂದೆ ಹಿಡಿಯುತ್ತಾಳೆ. ನ್ಯಾಯವನ್ನೂ ಬಿಡಲಾರ, ಕೊಟ್ಟ ಮಾತನ್ನೂ ಬಿಡಲಾರ. ಗೋಡೆ ಕಟ್ಟಿಸಿದ ಹಾಗೆ ಕಟ್ಟಿಸಿ, ಒಳಗಿನ ಗುಪ್ತ ಸುರಂಗದಿಂದ ತಾಯಿ-ಮಗಳನ್ನು ದಾಟಿಸುತ್ತಾನೆ. ಷರತ್ತು ಒಂದೇ: ಅವಳು ಬದುಕಿದ್ದಾಳೆ ಅಂತ ಸಲೀಮನಿಗೆ ಎಂದೂ ತಿಳಿಯಬಾರದು.

“ಅಯ್ಯ, ಉಳೀತಲ್ಲ ಹುಡುಗಿ! ಒಳ್ಳೇದಾತು” ಅಂದಳು ಅವ್ವ. ಎಲ್ಲರೂ ಅನ್ನೋದೇ ಅದು. ನಾಟಕ ಕ್ರೂರ, ಸಿನಿಮಾ ಕರುಣೆಯದು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ.

ಅತ್ತಿ ಕಣ್ಣು ಟಿವಿ ಮೇಲೇ ಇತ್ತು.

“ಉಳದಾಳ, ಖರೆ” ಅಂದಳು. “ಆದ್ರ ಆಮ್ಯಾಲ ಎಲ್ಲಿಗಿ ಹೋದಳು ಅಂತ ಯಾರರ ಕೇಳ್ಯಾರೇನು?”

ಕೂಲರ್ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಅಪ್ಪ ಎದ್ದು ನೀರು ಕುಡಿಯಲು ಒಳಗೆ ಹೋದ.

ರೈಲು ಹೋಗದ ಊರು

ಅತ್ತಿಯ ಕಥೆ ನನಗೆ ಅರ್ಧ ಗೊತ್ತಿತ್ತು. ಉಳಿದರ್ಧ ಆವತ್ತು ಸಂಜೆ ಮಾಳಿಗೆ ಮೇಲೆ ಗೊತ್ತಾಯಿತು.

1970ರ ದಶಕ. ಅತ್ತಿ ವಾಡಿಯಲ್ಲಿ ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ಚಿತ್ತಾಪುರದಿಂದ ದಿನಾ ಪ್ಯಾಸೆಂಜರ್ ಗಾಡಿಗೆ ಒಬ್ಬ ಹುಡುಗ ಅದೇ ಕ್ಲಾಸಿಗೆ ಬರುತ್ತಿದ್ದ. ಜಾತಿ ಬೇರೆ. ಚೀಟಿಯಿಲ್ಲ, ಹಾಡಿಲ್ಲ. ಮಾತೆಂದರೆ ಗಾಡಿ ಲೇಟಾದ ದಿನ ಪ್ಲಾಟ್‌ಫಾರ್ಮಿನಲ್ಲಿ ಆಡಿದ ಮಾತು, ಅಷ್ಟೇ. ಕ್ವಾರ್ಟರ್ಸಿನಲ್ಲಿ ಯಾರೋ ದಿಲಾರಾಮ್ ಇದ್ದೇ ಇರುತ್ತಾರಲ್ಲ, ಸುದ್ದಿ ಮುತ್ಯಾನ ಕಿವಿಗೆ ಬಿತ್ತು.

ಮುತ್ಯಾ ಹೊಡೆಯಲಿಲ್ಲ, ಬೈಯಲಿಲ್ಲ. “ಇಲ್ಲಿ ನನ್ನ ಮಾತಿಗಿ ಒಂದು ಕಿಮ್ಮತ್ತದ” ಅಂದನಂತೆ, ಅಷ್ಟೇ. ಮೂರನೇ ದಿನ ಅತ್ತಿಯನ್ನು ಚಿಂಚೋಳಿ ಕಡೆಯ ಬಳಗದವರ ಮನೆಗೆ ಕಳಿಸಿಬಿಟ್ಟ. ವಾಡಿ, ಚಿತ್ತಾಪುರ, ಸೇಡಂ, ಶಹಾಬಾದ್ ಎಲ್ಲ ರೈಲು ಹಾದಿಯ ಊರು. ಚಿಂಚೋಳಿಗೆ ರೈಲಿಲ್ಲ. ರೈಲ್ವೆ ನೌಕರ ಬೇಕಂತಲೇ ರೈಲು ಹೋಗದ ಊರು ಹುಡುಕಿದ್ದ. ಬಸ್ಸಿನ ತನಕ ಟ್ರಂಕ್ ಹೊತ್ತವನು ನನ್ನಪ್ಪ. ಆಗ ಅವನಿಗೆ ಹನ್ನೆರಡು ವರ್ಷ. ಜಾತ್ರೆಗೆ ಹೊಂಟಾಳ ಅಂತ ತಿಳಿದಿದ್ದನಂತೆ.

ವರ್ಷ ಕಳೆಯುವುದರೊಳಗೆ ಶಹಾಬಾದಿನ ಸಂಬಂಧ ಕುದುರಿತು. ಮಾವ ಕಲ್ಲಿನ ಗಣಿಯ ಲೆಕ್ಕ ಬರೆಯುತ್ತಿದ್ದರು, ಒಳ್ಳೆಯ ಮನುಷ್ಯ. ಮಕ್ಕಳು ಮರಿ ಎಲ್ಲ ಆಯಿತು. ಟೈಪಿಂಗ್ ಪರೀಕ್ಷೆ ಮಾತ್ರ ಆಗಲಿಲ್ಲ. ಚಿತ್ತಾಪುರದ ಹುಡುಗನಿಗೆ ಏನು ಹೇಳಿದರೋ ಅತ್ತಿಗೆ ಇವತ್ತಿಗೂ ಗೊತ್ತಿಲ್ಲ.

“ನಾ ದುಃಖದಾಗ ಬದುಕೀನಿ ಅಂತ ತಿಳ್ಕೋಬ್ಯಾಡ” ಅಂದಳು. “ಚೆಂದಾಗೇ ಬದುಕೀನಿ. ಆದ್ರ ನನ್ನ ಯಾರೂ ಏನೂ ಕೇಳಲಿಲ್ಲ ನೋಡು. ಬ್ಯಾಡ ಅಂದಿದ್ರ ನಾನೂ ಎರಡು ಮಾತು ಆಡ್ತಿದ್ದೆ. ಸುಮ್ಮ ಕಳಿಸಿಬಿಟ್ರು.”

ಆಮೇಲೆ ಟಿವಿಯಲ್ಲಿ ಈ ಸಿನಿಮಾ ಬಂದಾಗಲೆಲ್ಲ ಮುತ್ಯಾ ಉಂಗುರದ ದೃಶ್ಯಕ್ಕೆ ಅಳುತ್ತಿದ್ದನಂತೆ. ಅಕ್ಬರನ ಧರ್ಮಸಂಕಟಕ್ಕೆ ಅಳುತ್ತಾನೆ ಅಂತ ಮನೆಯವರು ತಿಳಿದಿದ್ದರು. ಅತ್ತಿಗೆ ಮಾತ್ರ ಬೇರೆ ಅನುಮಾನವಿತ್ತು. ಕೇಳುವ ಧೈರ್ಯ ಅವಳಿಗೂ ಬರಲಿಲ್ಲ, ಹೇಳುವ ಧೈರ್ಯ ಅವನಿಗೂ ಬರಲಿಲ್ಲ. 2004ರಲ್ಲಿ ಸಿನಿಮಾ ಪೂರ್ತಿ ಬಣ್ಣದಲ್ಲಿ ಮತ್ತೆ ಬಿಡುಗಡೆಯಾದಾಗ ಮುತ್ಯಾ ಇರಲಿಲ್ಲ.

ಹೆಸರಿನಲ್ಲಿ ಇಲ್ಲದವಳು

ಅತ್ತಿಯ ಮಾತು ಕೇಳಿದ ಮೇಲೆ ನನಗೆ ನಮ್ಮದೇ ‘ಸಂಗ್ಯಾ ಬಾಳ್ಯಾ’ ನೆನಪಾಯಿತು. ಬೈಲಹೊಂಗಲದಲ್ಲಿ ನಡೆದ ಕೊಲೆಯ ಮೇಲೆ ಕಟ್ಟಿದ ಸಣ್ಣಾಟ. ಚಂದ್ರಶೇಖರ ಕಂಬಾರರು ಅದರ ಪಠ್ಯ ಸಂಪಾದಿಸಿದರು, ಸುಂದರ ಕೃಷ್ಣ ಅರಸ್ ಸಿನಿಮಾ ಮಾಡಿದರು. ಈರಣ್ಣನ ಹೆಂಡತಿ ಗಂಗಾಳನ್ನು ಸಂಗ್ಯಾ ಬಯಸುತ್ತಾನೆ. ಗೆಳೆಯ ಬಾಳ್ಯಾನೇ ಕೊನೆಗೆ ಕೈಕೊಡುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಸಂಗ್ಯಾನಿಗಾಗಿ ಅತ್ತವರೆಷ್ಟೋ! ಆದರೆ ಗಂಗಾ? ಆಟದ ಹೆಸರಿನಲ್ಲೂ ಅವಳಿಲ್ಲ. ಮೊಘಲ್-ಎ-ಆಜಮ್ ಎಂಬ ಹೆಸರಿನಲ್ಲೂ ಅನಾರ್ಕಲಿ ಇಲ್ಲ.

ಈಗ ನನಗನಿಸೋದು ಇಷ್ಟು. ಆಸಿಫ್ ದುರಂತವನ್ನು ತೆಗೆದುಹಾಕಲಿಲ್ಲ, ಅದನ್ನು ಸುರಂಗದೊಳಗೆ ಬಚ್ಚಿಟ್ಟ. ತಾಜ್ ನಾಟಕದಲ್ಲಿ ಅನಾರ್ಕಲಿ ಸತ್ತಳು, ಲೋಕ ಅತ್ತಿತು. ಸಿನಿಮಾದಲ್ಲಿ ಬಾದಶಹನ ನ್ಯಾಯ ಉಳಿಯಿತು, ಕೊಟ್ಟ ಮಾತು ಉಳಿಯಿತು, ಮಗನೂ ಉಳಿದ. ಇಷ್ಟೆಲ್ಲ ಉಳಿಸಲು ಒಬ್ಬಳು ಬದುಕಿದ್ದೂ ಇಲ್ಲದವಳಾಗಬೇಕಾಯಿತು. ಗೋಡೆಯಲ್ಲಿ ಮುಚ್ಚೋದು ಕಥೆಯಲ್ಲಿ ಮಾತ್ರ. ಸುರಂಗ ಮಾತ್ರ ಮನೆಮನೆಯಲ್ಲೂ ಇದೆ. ಮುಂಬೈಯ ಮರಾಠಾ ಮಂದಿರದಲ್ಲಿ ಈ ಸಿನಿಮಾ ವರ್ಷಗಟ್ಟಲೆ ಓಡಿತು, ‘ಶೋಲೆ’ ಬರುವವರೆಗೂ ಗಳಿಕೆಯಲ್ಲಿ ಅದನ್ನು ಮೀರಿಸಿದವರಿಲ್ಲ. ಜನ ಶೀಶ್ ಮಹಲ್ ನೋಡಲಿಕ್ಕೆ ಹೋದರು, ನಿಜ. ಆದರೆ ಮತ್ತೆ ಮತ್ತೆ ಹೋದದ್ದಕ್ಕೆ ಈ ಸುರಂಗವೂ ಕಾರಣವಿರಬಹುದು. 2016ರಲ್ಲಿ ಫಿರೋಜ್ ಅಬ್ಬಾಸ್ ಖಾನ್ ಇದನ್ನು ಹಾಡು-ಕುಣಿತದ ನಾಟಕ ಮಾಡಿ ಮತ್ತೆ ರಂಗಕ್ಕೆ ತಂದರು. ರಂಗ ಬಿಟ್ಟು ಹೋದ ಕಥೆ ರಂಗಕ್ಕೇ ವಾಪಸ್ ಬಂತು.

ನೋಡದಿದ್ದವರು ಒಮ್ಮೆ ನೋಡಿ. ಒಂದೇ ಪಟ್ಟಿಗೆ ಬೇಡ, ಮೂರು ದಿನ ದಿನಕ್ಕೊಂದು ಗಂಟೆ ಇಟ್ಟುಕೊಳ್ಳಿ. ಪೂರ್ತಿ ಬಣ್ಣದ ಪ್ರತಿ ಬಿಟ್ಟು ಹಳೆಯದನ್ನೇ ಹುಡುಕಿ. ಕಪ್ಪು-ಬಿಳುಪಿನಿಂದ ಶೀಶ್ ಮಹಲಿನ ಬಣ್ಣಕ್ಕೆ ಹೋಗುವ ಗಳಿಗೆ ಅದರಲ್ಲೇ ಸಿಗೋದು. ಆಗಿದ್ದರೆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಿನಿಮಾ ಮುಗಿದ ಮೇಲೆ ತಕ್ಷಣ ಫೋನ್ ಕೈಗೆತ್ತಿಕೊಳ್ಳಬೇಡಿ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತಿ ನನ್ನ ಮೊಣಕೈಗೆ ಮೆಲ್ಲಗೆ ತಿವಿದಳು. ಅವಳಿಗೆ ಹೇಗೆ ಗೊತ್ತಾಯಿತೋ! ನಾನು ಹೇಳಿಬಿಟ್ಟೆ. ಹುಡುಗನ ಹೆಸರು, ಅವನ ಕೆಲಸ, ಅವರ ಮನೆಯವರು ಬೇರೆ ಜಾತಿ ಅನ್ನೋದು, ಎಲ್ಲ.

ಅಪ್ಪ ಬಹಳ ಹೊತ್ತು ರೊಟ್ಟಿ ಮುರಿಯುತ್ತಾ ಕೂತ. ಒಮ್ಮೆ ಅತ್ತಿಯ ಮುಖ ನೋಡಿದ. ಆಮೇಲೆ, “ನನಗ ಇದು ಮನಸಿಗಿ ಬಂದಿಲ್ಲ” ಅಂದ. ನನ್ನ ಎದೆ ಕುಸಿಯಿತು.

“ಬಂದಿಲ್ಲ ಖರೆ. ಆದ್ರ ನೀ ಹೇಳು, ಕೇಳ್ತೀನಿ. ಯಾವೂರವ ಅವ?”

ಮಾತು ಇನ್ನೂ ಮುಗಿದಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಜಗಳ ನಡೆದೇ ಇದೆ. ಆದರೆ ಜಗಳ ನನ್ನ ಜತೆಗೇ ನಡೆಯುತ್ತಿದೆ, ನನ್ನ ಬೆನ್ನ ಹಿಂದೆ ಅಲ್ಲ. ಅಷ್ಟಕ್ಕೇ ಅತ್ತಿ ಖುಷಿ. ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾಳಂತೆ, ಹುಡುಗನನ್ನು ನೋಡಲಿಕ್ಕೆ. ಟಿಕೆಟ್ ವಾಡಿಯಿಂದಲೇ ಮಾಡಿಸು ಅಂದಿದ್ದಾಳೆ.